ಗೂಳಿಯ ಎದುರು ನಿಂತವರು

ಪೆಡಲ್ ಮತ್ತೆ ತಳ ಮುಟ್ಟಿತು.

"ಒತ್ತು," ಎಂದರು ಮಾವ ಗಾಡಿಯ ಕೆಳಗಿನಿಂದ. "ಹಾಗೇ ಹಿಡ್ಕೊ. ಹಾಂ, ಈಗ ಬಿಡು."

ಸೊಸೆ ಬಿಟ್ಟಳು. ಬೆಳಗಿನಿಂದ ಇದೇ ಜಪ. ಬ್ರೇಕಿನೊಳಗಿನ ಗಾಳಿ ತೆಗೆಯಲು ಮಾವ ಚಕ್ರದ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿದಾಗಲೆಲ್ಲ ಅದಕ್ಕೆ ಕೊಳವೆಯಿಂದ ಜೋಡಿಸಿದ ಬಾಟಲಿಗೆ ಬರೀ ಎಣ್ಣೆ ಬರುತ್ತಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಗುಳ್ಳೆ ಇಲ್ಲವೆಂದರೆ ಗಾಳಿ ಇಲ್ಲ ಎಂದೇ ಲೆಕ್ಕ. ಆದರೆ ಅವಳ ಪಾದ ಆ ಲೆಕ್ಕವನ್ನು ಒಪ್ಪುತ್ತಿರಲಿಲ್ಲ. ಮೊದಲ ತುಳಿತಕ್ಕೆ ಪೆಡಲ್ ಒದ್ದೆ ಹಾಸಿಗೆಯಂತೆ ಮೆತ್ತಗೆ ಕುಸಿಯುತ್ತಿತ್ತು. ಎರಡನೆಯದಕ್ಕಷ್ಟೇ ತುಸು ಗಟ್ಟಿಯಾಗುತ್ತಿತ್ತು.

ಗಾಡಿ ಎಂದೋ ಹಡಗಿನಲ್ಲಿ ಬಂದಿಳಿದದ್ದು. ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗದ ಅದನ್ನು ಮನೆಯವರೆಲ್ಲ ಗೂಳಿ ಎನ್ನುತ್ತಿದ್ದರು. ಅದರ ಒಂದು ರಬ್ಬರ್ ಸೀಲ್ ಬೇಕೆಂದರೂ ಸಮುದ್ರದಾಚೆಗೆ ಬರೆದು, ಬರುವ ತನಕ ಕಾಯಬೇಕು. ಈ ಸಲ ಸೀಲು ಬಂದಿತ್ತು, ಆದರೆ ಮಾವನ ಬಲಭುಜ ಕೈಕೊಟ್ಟಿತ್ತು. ಹಾಗಾಗಿ ಮುಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುವ ಎರಡು ಕ್ಯಾಲಿಪರುಗಳನ್ನು ಬಿಚ್ಚಿ, ಸೀಲು ಬದಲಿಸಿ, ಎಡ, ಬಲ ಎಂದು ಸೀಮೆಸುಣ್ಣದಲ್ಲಿ ಬರೆದ ತಟ್ಟೆಗಳಲ್ಲಿ ಇಟ್ಟದ್ದು ಮಾವ. ಅವನ್ನು ಎತ್ತಿ ಕೂರಿಸಿದ್ದು ಸೊಸೆ. ಅಂಥ ಕೆಲಸ ಅವಳ ಕೈಗೆ ಬಂದದ್ದು ಇದೇ ಮೊದಲು.

"ಈ ಸಲ ನಿಪ್ಪಲ್ಲು ಕೈಗೆ ಸಿಗೋ ಹಾಗೆ ಕೂತಿದೆ, ನನ್ನ ಭುಜದ ಪುಣ್ಯ," ಎಂದು ಬೆಳಿಗ್ಗೆ ಮಾವ ಖುಷಿಪಟ್ಟಿದ್ದರು. ಈಗ ಆ ಖುಷಿ ಇಳಿದು ಕೋಪ ಮೂಗಿನ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅವಳ ಗಂಡ ಬಂದ. ಗೂಳಿಯನ್ನು ಓಡಿಸುವವನು ಅವನೇ. ಬೆಟ್ಟದ ತುದಿಯ ಟವರಿಗೆ ರಿಪೇರಿಯವರನ್ನು ಹತ್ತಿಸುವುದು, ಇಳಿಸುವುದು ಅವನ ಕೆಲಸ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಆಕಾಶ ಇರುವ ದಾರಿ ಅದು.

"ಆಯ್ತಾ ಅಪ್ಪ? ಅವರೆಲ್ಲ ಚೀಲ ಹಿಡ್ಕೊಂಡು ಕಾಯ್ತಿದಾರೆ."

"ಆಯ್ತು, ತಗೊಂಡು ಹೋಗು."

"ಆಗಿಲ್ಲ," ಎಂದಳು ಸೊಸೆ, ಕೀಲಿ ತೆಗೆದುಕೊಂಡು ಸೀಟಿನಿಂದ ಇಳಿಯುತ್ತ.

ಮಾವ ನೆಲದಿಂದೆದ್ದು ಕೈ ಒರೆಸಿಕೊಂಡರು. "ಒಂದು ಸಲಕ್ಕೆ ಹಿಡೀದಿದ್ರೆ ಎರಡು ಸಲ ತುಳೀಲಿ. ಮುದಿ ಗಾಡಿ, ಅದಕ್ಕೂ ಸ್ವಲ್ಪ ಮರ್ಯಾದೆ ಕೊಡ್ಬೇಕು."

"ಆ ಇಳಿಜಾರಲ್ಲಿ ಎರಡನೇ ಸಲ ಅನ್ನೋದು ಎಲ್ಲಿರುತ್ತೆ ಮಾವ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಕೂರಿಸಿದ್ದು ನೀನೇ ತಾನೆ?"

ಮಾತು ನಾಟಿತು. ಕೂರಿಸಿದ್ದು ಅವಳೇ, ಅದಕ್ಕೇ ಅವಳಿಗೆ ಇನ್ನಷ್ಟು ಭಯ. ಗಂಡನ ಪಾಡು ಅತ್ತ ದರಿ, ಇತ್ತ ಪುಲಿ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ನಿಧಾನಕ್ಕೆ ಹೋಗಿ ಬರ್ತೀನಿ ಬಿಡು," ಎಂದು ಕೀಲಿಗೆ ಕೈಚಾಚಿದ. ಸಂಕೋಚಕ್ಕೆ ಸಾಯಲೂ ಸಿದ್ಧನೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅವಳು ಕೀಲಿ ಕೊಡಲಿಲ್ಲ. ಅದನ್ನು ಕಸಿದುಕೊಂಡವರು ಮಾವ. "ನಾನೇ ಓಡಿಸಿ ತೋರಿಸ್ತೀನಿ," ಎಂದವರೇ ಗೂಳಿಯೊಳಗೆ ಹತ್ತಿ ಕೂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯದನ್ನು ಎಣಿಸಿ ತೋರಿಸುವುದು ಯಾರಿಂದಾದೀತು?

ಶೆಡ್ಡಿನ ಬಾಗಿಲಾಚೆ ಓಣಿ ಕಡಿದಾಗಿ ಇಳಿದು ಒಂದು ಕಲ್ಲುಗೋಡೆಗೆ ಮುಗಿಯುತ್ತಿತ್ತು. ಸೊಸೆ ನಡೆದುಹೋಗಿ ಇಳಿಜಾರಿನ ನಡುವೆ ಗಾಡಿಗೆ ಮುಖ ಮಾಡಿ ನಿಂತಳು.

"ಬನ್ನಿ ಮಾವ. ನನ್ನ ಮುಂದೆ ತಂದು ನಿಲ್ಲಿಸಿ. ನಿಂತ್ರೆ ನಿಮ್ಮ ಮಗ ತಗೊಂಡು ಹೋಗ್ಲಿ, ನಾನು ತುಟಿ ಬಿಚ್ಚಲ್ಲ."

"ಏನಿದು ಹುಚ್ಚಾಟ? ಈಚೆ ಬಾ!" ಗಂಡ ಕೂಗಿದ.

ಎಂಜಿನ್ ಗುಡುಗಿತು. ಗೂಳಿ ಬಾಗಿಲಿಗೆ ಬಂದು, ಇಳಿಜಾರಿನ ತುದಿಯಲ್ಲಿ ಹ್ಯಾಂಡ್ ಬ್ರೇಕಿನ ಮೇಲೆ ನಿಂತಿತು. ಸೊಸೆಗೆ ಓಡಬೇಕೆನಿಸಿತು. ಓಡಿದರೆ ಗಂಡ ಬೆಟ್ಟ ಹತ್ತುತ್ತಾನೆ ಎಂಬುದೊಂದೇ ಅವಳನ್ನು ಅಲ್ಲಿ ಹಿಡಿದಿಟ್ಟಿತು. ಗಾಜಿನಾಚೆ ಮಾವನ ತಲೆ ಒಮ್ಮೆ ತಗ್ಗಿತು, ಪೆಡಲ್ ತುಳಿದರು. ಇನ್ನೊಮ್ಮೆ ತಗ್ಗಿತು. ಅವರ ಕೈ ಹ್ಯಾಂಡ್ ಬ್ರೇಕಿನ ಮೇಲಿತ್ತು.

ಕೈ ಅಲ್ಲೇ ಉಳಿಯಿತು.

ಎಂಜಿನ್ ನಿಂತಿತು. ಮಾವ ಇಳಿದು, ಯಾರನ್ನೂ ನೋಡದೆ, ಚಕ್ರಗಳಿಗೆ ಮರದ ತುಂಡು ಒತ್ತಿ ಪಕ್ಕದ ಸ್ಟೂಲಿನ ಮೇಲೆ ಕೂತರು. "ನನ್ನ ಕಾಲಿಗೂ ಗೊತ್ತಿತ್ತು," ಎಂದರು ಸಣ್ಣ ದನಿಯಲ್ಲಿ. "ಬಾಯಿಗೆ ಹೇಳೋಕಾಗಲಿಲ್ಲ."

ಇಬ್ಬರು ಗಂಡಸರೂ ಸೇರಿ ಗೂಳಿಯನ್ನು ಹಿಂದಕ್ಕೆ ತಂದು ಜಾಕ್ ಕೊಟ್ಟರು. ಸೊಸೆ ಈ ಸಲ ತಾನೇ ಕೆಳಗೆ ತೂರಿದಳು. ನಿಪ್ಪಲ್ ನಿಜಕ್ಕೂ ಕೈಗೆ ಸಿಗುವಂತಿತ್ತು. ಕ್ಯಾಲಿಪರಿನ ತಳದಲ್ಲಿ, ನೆಲ ನೋಡಿಕೊಂಡು.

"ಮಾವ, ಗಾಳಿ ಮೇಲಕ್ಕಲ್ವಾ ಹೋಗೋದು? ಇದು ಕೆಳಗಿದ್ರೆ ಹೊರಗೆ ಬರೋದು ಹೇಗೆ?"

ಮಾವ ಸ್ಟೂಲಿನಿಂದ ಎದ್ದೇಬಿಟ್ಟರು. ತಟ್ಟೆಗಳತ್ತ ನೋಡಿದರು.

"ನೀವು ಎಡ ಅಂತ ಬರೆದಿದ್ದು ಯಾವ ಕಡೇದು?"

ಮಾವ ಬಾನೆಟ್ಟಿನ ಮುಂದೆ ನಿಂತು ತಮ್ಮ ಎಡಗೈ ಎತ್ತಿದರು. ಜೀವಮಾನವಿಡೀ ಅವರು ಗಾಡಿಗಳನ್ನು ನೋಡಿದ್ದು ಹಾಗೆಯೇ, ಮುಖಕ್ಕೆ ಮುಖ ಕೊಟ್ಟು. ಬಿಚ್ಚುವುದೂ ಅವರೇ, ಕೂರಿಸುವುದೂ ಅವರೇ ಆಗಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಸೊಸೆಯೋ ಕೆಲಸ ಕಲಿತದ್ದು ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಲೇ. ಅವರ ಎಡ ಅವಳಿಗೆ ಬಲ. ಎರಡು ಕ್ಯಾಲಿಪರೂ ಅದಲುಬದಲಾಗಿ, ನಿಪ್ಪಲ್ಲುಗಳು ತಲೆಕೆಳಗಾಗಿ, ಗಾಳಿ ಮೇಲೆ ಹಾಯಾಗಿ ಕೂತುಬಿಟ್ಟಿತ್ತು.

"ತಗೊಳ್ಳಪ್ಪ," ಎಂದರು ಮಾವ ಮಗನಿಗೆ, "ನಿನ್ನ ಕೊಲ್ಲೋಕೆ ನಾವಿಬ್ಬರೂ ಸಮಪಾಲು ದುಡಿದಿದೀವಿ."

ಬದಲಿಸಿ ಕೂರಿಸಿದಾಗ ಮೊದಲ ತುಳಿತಕ್ಕೇ ಬಾಟಲಿಯಲ್ಲಿ ಗುಳ್ಳೆ ಕೊತಕೊತ ಎದ್ದವು. ಅವು ನಿಲ್ಲುವವರೆಗೂ ಸೊಸೆ ಸೀಟಿನಲ್ಲಿ ಕೂತು ಒತ್ತಿದಳು. ಕಡೆಗೆ ಪೆಡಲ್ ಅರ್ಧ ದಾರಿಗೂ ಇಳಿಯದೆ ಕಲ್ಲಿನಂತೆ ತಡೆಯಿತು.

ಅವಳು ತಲೆಯೆತ್ತುವಷ್ಟರಲ್ಲಿ ಮಾವ ಓಣಿಗೆ ಇಳಿದಿದ್ದರು. ಅವಳು ನಿಂತಿದ್ದಲ್ಲೇ ಹೋಗಿ, ಗೂಳಿಗೆ ಬೆನ್ನು ಮಾಡಿ ನಿಂತರು.

"ಪಕ್ಕಕ್ಕೆ ಬನ್ನಿ ಮಾವ!"

"ನೀನು ಬಾ."

ಗಂಡ ಜಾಕ್ ತೆಗೆದ. ಅವಳು ಗೂಳಿಯನ್ನು ಬಾಗಿಲಿಗೆ ತಂದು ಹ್ಯಾಂಡ್ ಬ್ರೇಕ್ ಇಳಿಸಿದಳು. ಗೂಳಿ ಜಾರತೊಡಗಿತು. ಮಾವನ ಬೋಳುತಲೆ, ಗ್ರೀಸ್ ಮೆತ್ತಿದ ಕಾಲರ್ ಹತ್ತಿರವಾದವು. ಅವಳು ಒಂದೇ ಸಲ ತುಳಿದಳು.

ಗಾಡಿ ನಿಂತಿತು. ಮಾವ ತಿರುಗಲಿಲ್ಲ, ಅವಳ ಮುಖವಿದ್ದ ಕಡೆಗೇ ಮುಖ ಮಾಡಿ ನಿಂತಿದ್ದರು.

"ಎಡಗಡೆ ಪ್ಯಾಡು ಸ್ವಲ್ಪ ಕಿರುಗುಟ್ತು," ಎಂದು ಎಡಗೈ ಎತ್ತಿದರು. "ಇಳಿದು ನೋಡು."

ಯಾವ ಎಡ ಎಂದು ಅವಳು ಕೇಳಲಿಲ್ಲ. ಕಣ್ಣೊರೆಸಿಕೊಂಡು ತನ್ನ ಎಡಕ್ಕೇ ಇಳಿದಳು.