ಗಡ್ಡವಿಲ್ಲದ ಪಂತೆಲೇಮೋನ್

ದ್ವೀಪದ ಚರ್ಚಿಗೆ ತಾನು ಕೊಡಲಿದ್ದ ಸಂತ ಪಂತೆಲೇಮೋನ್‌ನ ಪಟ ನೋಡಿ ಮೀನುದೋಣಿ ಮಾಲೀಕ ಸ್ತಮಾತಿಸ್ ಮುಖ ಸಿಂಡರಿಸಿದ. "ಗಡ್ಡ ಎಲ್ರೀ? ನಮ್ಮಪ್ಪನ ಹೆಸರಿನ ಸಂತ. ಅಪ್ಪನ ಗಡ್ಡಾನೇ ಬರೀರಿ. ಇಲ್ದಿದ್ರೆ ಪಟ ಬೇಡ."

ಅವನಿಗೆ ಸಂತರೂ ದೋಣಿಯ ಆಳುಗಳೇ ಎಂದುಕೊಂಡಳು ಮುದಿ ಚಿತ್ರಗಾರ್ತಿ ಎಫ್ತೆರ್ಪಿ. ಎರಡು ತಿಂಗಳು ಕೂತು, ಕಡುಕಂದು ಬಣ್ಣದ ಮೇಲೆ ಒಂದೊಂದೇ ತಿಳಿಗೆರೆ ಎಳೆದು, ಯಾವ ಪಟದಲ್ಲೂ ಗಡ್ಡವಿಲ್ಲದ ಆ ಯುವಕ ಸಂತನ ಗುಂಗುರು ಕೂದಲು ಮೂಡಿಸಿದ್ದಳು. ಗಡ್ಡ ಬಂದರೆ ಅವನ ಗುರುತೇ ಸಿಗದೆ ಚರ್ಚಿಗೆ ಬರುವ ಅಜ್ಜಿಯರು ಪಟಕ್ಕೆ ಮುತ್ತಿಡದೆ ಹೋಗುತ್ತಾರೆ.

"ಗಡ್ಡಾನೇ ಬೇಕಂದ್ರೆ ಸಂತ ಒನೂಫ್ರಿಯೋಸ್ ಇದಾನಲ್ಲ ಸ್ತಮಾತಿಸ್ ಅವ್ರೇ. ಮೊಣಕಾಲ್ ತನಕ ಗಡ್ಡ, ಮೈಮೇಲೆ ಬಟ್ಟೆ ಇಲ್ಲ. ನಿಮ್ಮಪ್ಪನ ಮುಖ ಅವನಿಗೇ ಇಡ್ಲಾ?"

ಊರವರ ನಗು ಈಗಲೇ ಕೇಳಿಸಿದಂತೆ ಸ್ತಮಾತಿಸ್ ಬಾಗಿಲ ಕಡೆ ನೋಡಿದ. "ಇದನ್ನೇ ಕೊಡಿ."

"ಕೈ ತೊಳ್ಕೊಂಡ್ ಬನ್ನಿ," ಎಂದಳು ಎಫ್ತೆರ್ಪಿ. "ಮೀನ್ ನಾತ."