ಚೆನ್ನು ಆಡಿದ ಮಾತು

“ಅಜ್ಜ, ಇದು ನಿಮ್ಮ ಮಾತಾ, ನಾಟಕದ್ದಾ?” ಸುಪ್ರಿತಾ ಲ್ಯಾಪ್‌ಟಾಪನ್ನು ತ್ಯಾಂಪಣ್ಣನವರ ಕಡೆ ತಿರುಗಿಸಿದಳು. “ಎರಡೂ ಒಂದಕ್ಕೊಂದು ಅಂಟಿಕೊಂಡಿದೆ ನೋಡಿ.”

ಪಂಜದ ಹಳೆಯ ನಾಟಕ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಅದರ ವೆಬ್‌ಸೈಟಿಗೆಂದು ತ್ಯಾಂಪಣ್ಣ ನೆನಪುಗಳನ್ನು ಬರೆದಿದ್ದರು. ಅಣ್ಣನ ಮೊಮ್ಮಗಳು ಸುಪ್ರಿತಾ ದರ್ಬೆಯಲ್ಲಿದ್ದ ಅವರ ಮನೆಯಲ್ಲೇ ಕೂತು ಅದನ್ನು ಟೈಪ್ ಮಾಡುತ್ತಿದ್ದಳು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರಗಳ ಕಡತ. ಸಾಲಿನ ಮೊದಲಿಗೆ ಬಾಣದ ತುದಿಯಂಥ ಒಂದು ಗುರುತು ಇಟ್ಟರೆ ಆ ಸಾಲು ಪುಟದಲ್ಲಿ ಒಳಗೆ ಸರಿದು, ಬೇರೆಯವರು ಆಡಿದ ಮಾತಾಗಿ ಕಾಣುತ್ತಿತ್ತು. ಅದರ ಕೆಳಗೆ ಆಡಿದವರ ಹೆಸರು.

“ಯಾವ ಮಾತು?”

“‘ಒಮ್ಮೆ ಕೇಳಿದ್ದರೆ ನಾನೂ ದೋಣಿ ಹತ್ತುತ್ತಿದ್ದೆ.’”

ತ್ಯಾಂಪಣ್ಣ ನಕ್ಕರು. ಎಷ್ಟೋ ಮದುವೆಮನೆಗಳಲ್ಲಿ ಹೇಳಿ ನಗಿಸಿದ ಕಥೆಯದು. ಅವರೇ ಬರೆದ ನಾಟಕ. ಅದರಲ್ಲಿ ಊರು ಬಿಟ್ಟು ಹೊರಟ ಗುಮಾಸ್ತನ ಪಾತ್ರ ಅವರದು, ದೋಣಿಕಾರನ ಮಗಳ ಪಾತ್ರ ಚೆನ್ನುವಿನದು. ಪಂಜದ ಹೆಂಗಸರಿಗೆ ಹೊಲಿಗೆ ಕಲಿಸಲು ಬಂದಿದ್ದ ಹುಡುಗಿ ಅವಳು. “ಹೊಳೆ ತುಂಬುವ ಮೊದಲು ಹೋಗಿಬಿಡಿ” ಎನ್ನಬೇಕಾಗಿದ್ದವಳು ಮಾತು ಮರೆತು ಏನೋ ಹೇಳಿದಳು. ತಾನು ಕೂಡಲೇ “ಹೊಳೆ ತುಂಬುತ್ತಾ ಇದೆ, ಬರ್ತೇನೆ” ಅಂದು ನಾಟಕ ಉಳಿಸಿದೆ ಎನ್ನುವುದು ಆ ಕಥೆ.

“ನಾಟಕದಲ್ಲಿ ನಾನು ಬರೆದದ್ದಲ್ಲ ಅದು. ಗುರುತು ಹಾಕಬೇಡ. ಮರೆತು ಆಡಿದ್ದು.”

“ಮರೆತದ್ದಲ್ಲ,” ಎಂದರು ಹೈದರ್.

ಸುಳ್ಯದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಹೈದರ್ ಇಷ್ಟು ಹೊತ್ತು ಹಳೆಯ ಫೋಟೋಗಳನ್ನು ನೋಡುತ್ತಾ ಕೂತಿದ್ದರು. ಆ ಕಾಲದಲ್ಲಿ ಪರದೆಯ ಬದಿಯಲ್ಲಿ ನಿಂತು ಪಾತ್ರಧಾರಿಗಳಿಗೆ ಮಾತು ಎತ್ತಿಕೊಡುತ್ತಿದ್ದವರು ಅವರೇ.

“ಎಂತ ಹೇಳ್ತಿ ನೀನು?”

“ನಾನು ಮಾತು ಎತ್ತಿಕೊಟ್ಟೆ ಮಾರಾಯ. ಅವಳು ಸೆರಗಿನ ಮರೆಯಲ್ಲಿ ಕೈ ಆಡಿಸಿ, ಬೇಡ ಅಂದಳು. ಆಮೇಲೆ ನಿನ್ನನ್ನು ನೋಡಿ ಅದನ್ನು ಹೇಳಿದಳು.”

ಕೆಳಗೆ ರಸ್ತೆಯಲ್ಲಿ ಯಾರೋ ಬಿಡದೆ ಹಾರ್ನ್ ಹಾಕುತ್ತಿದ್ದರು. ತ್ಯಾಂಪಣ್ಣ ಕನ್ನಡಕ ತೆಗೆದರು.

“ನೀನ್ಯಾಕೆ ಹೇಳ್ಲಿಲ್ಲ?”

“ಪರದೆ ಬಿದ್ದದ್ದೇ ನೀನು ಎಲ್ಲರಿಗೂ ಹೇಳಿ ನಗಿಸ್ಲಿಕ್ಕೆ ಶುರು ಮಾಡಿದ್ದಿ. ಅವಳೂ ಅಲ್ಲೇ ನಿಂತು ನಗ್ತಾ ಇದ್ದಳು. ನಾನು ಎಂತ ಹೇಳುದು?”

ಮರುವರ್ಷ ಚೆನ್ನುವಿಗೆ ಕಡಬಕ್ಕೆ ಮದುವೆಯಾಯಿತು. ತ್ಯಾಂಪಣ್ಣನವರಿಗೂ ಆಯಿತು. ಹೆಂಡತಿ ಒಳ್ಳೆಯವಳು, ಸುಖವಾಗಿಯೇ ಬಾಳಿದರು, ಅವಳು ತೀರಿಕೊಂಡೂ ವರ್ಷಗಳಾದವು. ಆದರೂ ಈಗ ಅವರಿಗೆ ಗ್ಯಾಸ್‌ಲೈಟಿನ ಬಿಳಿ ಬೆಳಕು, ಪೌಡರ್ ಬಳಿದ ಒಂದು ಮುಖ, ಸಾಲು ಮುಗಿದ ಮೇಲೂ ತನ್ನ ಮೇಲಿಂದ ಕದಲದ ಕಣ್ಣು ಕಾಣಿಸಿದವು. ಮುಂದಿನ ಮಾತನ್ನು ಹುಡುಕುವ ಗಡಿಬಿಡಿಯಲ್ಲಿ ಅಂದು ಅದನ್ನು ನೋಡಿಯೇ ಇರಲಿಲ್ಲ.

“ಹಾಗಾದ್ರೆ ಕೆಳಗೆ ಯಾರ ಹೆಸರು ಹಾಕುದು?” ಸುಪ್ರಿತಾ ಮೆಲ್ಲಗೆ ಕೇಳಿದಳು.

ಹೈದರ್ ಫೋನ್ ತೆಗೆದರು. ಕಡಬದಲ್ಲಿ ಅವರ ಮಗಳ ಮನೆಯೂ ಚೆನ್ನುವಿನ ಮನೆಯೂ ಹತ್ತಿರ ಹತ್ತಿರ. ತ್ಯಾಂಪಣ್ಣ ಬೇಡವೆನ್ನುವಷ್ಟರಲ್ಲಿ ಆಚೆಯಿಂದ ದನಿ ಬಂತು. ಹೈದರ್ ವಿಷಯ ಹೇಳಿ ಸ್ಪೀಕರ್ ಹಾಕಿದರು.

“ತ್ಯಾಂಪಣ್ಣನಾ? ಇದ್ದೀರಾ ಮಾರಾಯ್ರೆ?” ಚೆನ್ನು ನಕ್ಕಳು.

ತ್ಯಾಂಪಣ್ಣ ಸುಪ್ರಿತಾಳ ಕಡೆ ಕೈ ತೋರಿಸಿದರು. ಸುಪ್ರಿತಾಳೇ ಕೇಳಿದಳು: “ಅಜ್ಜಿ, ಆ ಮಾತಿನ ಕೆಳಗೆ ದೋಣಿಕಾರನ ಮಗಳು ಅಂತ ಹಾಕುದಾ, ನಿಮ್ಮ ಹೆಸರಾ?”

ಆಚೆ ಕುಕ್ಕರ್ ಸೀಟಿ ಹೊಡೆಯಿತು. ಒಲೆ ಆರಿಸಿದ ಸದ್ದು.

“ನಾಟಕದ ಆ ಹುಡುಗಿಗೆ ಅಷ್ಟು ಧೈರ್ಯ ಎಲ್ಲಿತ್ತು? ನನ್ನ ಹೆಸರೇ ಹಾಕು ಮಗಾ.”

“ಚೆನ್ನೂ,” ಎಂದರು ತ್ಯಾಂಪಣ್ಣ. “ನನಗೆ ಗೊತ್ತಾಗ್ಲಿಲ್ಲ.”

“ನಿಮಗೆ ಗೊತ್ತಾಗ್ಲಿಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು,” ಎಂದಳು ಚೆನ್ನು. ದನಿಯಲ್ಲಿ ಕಹಿ ಇರಲಿಲ್ಲ. “ಹುಷಾರಾಗಿರಿ. ಮೊಮ್ಮಕ್ಕಳು ಬರುವ ಹೊತ್ತಾಯ್ತು. ಇಡ್ತೇನೆ.”

ಸುಪ್ರಿತಾ ನಾಟಕ ಉಳಿಸಿದ ಕಥೆಯನ್ನು ತೋರಿಸಿ ಅಜ್ಜನ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಅದನ್ನು ಅಳಿಸಿದಳು. ಚೆನ್ನುವಿನ ಮಾತಿನ ಮುಂದೆ ಗುರುತಿಟ್ಟು, ಕೆಳಗೆ ಹೆಸರು ಬರೆದು, ಸರಿಯಾಗಿದೆಯೇ ಎಂದು ನೋಡಲು ಗಟ್ಟಿಯಾಗಿ ಓದಿದಳು.

“ಹಾಗಲ್ಲ,” ಎಂದರು ತ್ಯಾಂಪಣ್ಣ. “ಅಷ್ಟು ಬೇಗ ಅಲ್ಲ. ‘ಒಮ್ಮೆ’ ಅಂದ ಮೇಲೆ ನಿಂತಿದ್ದಳು ಅವಳು.”

ಸುಪ್ರಿತಾ ಮತ್ತೆ ಓದಿದಳು. “ಒಮ್ಮೆ” ಎಂದು ನಿಂತಳು. ತ್ಯಾಂಪಣ್ಣ ಕಣ್ಣು ಮುಚ್ಚಿ ಕೈ ಎತ್ತಿದರು, ಇನ್ನೂ ಸ್ವಲ್ಪ ಎಂಬಂತೆ.