ಉಂಡ ಮೇಲೆ ಹೇಳೋಣ

ಹಾರೋಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬೆಳಗಿನಿಂದ ಒಂದೊಂದು ಮೇಜಿನ ಫೋನಿಗೂ ಹೊಸ ಫರ್ಮ್‌ವೇರ್ ಹಾಕಿ ಹಾಕಿ ಪ್ರಕಾಶನ ಕಣ್ಣು ಉರಿಯುತ್ತಿತ್ತು. ಈ ಇಂಟರ್‌ನೆಟ್ ಫೋನುಗಳ ಸಹವಾಸವೇ ಹಾಗೆ; ಒಳಗಿನ ಸಾಫ್ಟ್‌ವೇರ್ ಹಳೆಯದಾದರೆ ಅರ್ಧ ಮಾತು ನುಂಗಿಬಿಡುತ್ತವೆ. ಉಳಿದದ್ದು ಗೇಟಿನ ಕೋಣೆಯದೊಂದೇ. ಅದು ಮುಗಿದರೆ ಚನ್ನಪಟ್ಟಣಕ್ಕೆ, ಮನೆಗೆ ಹೊರಡಬಹುದಿತ್ತು.

ಹಾಳಾದ್ದು, ಆ ಫೋನೇ ಎಲ್ಲಕ್ಕಿಂತ ಮುಖ್ಯ. ರೇಷ್ಮೆ ತೋಟಗಳಿದ್ದ ಕಡೆ ಈ ಕಾರ್ಖಾನೆಯ ಷೆಡ್ಡು ಎದ್ದ ಮೇಲೆ ಸುತ್ತಲ ಊರುಗಳ ಹೆಣ್ಣುಮಕ್ಕಳು ಇಲ್ಲಿ ಹೊಲಿಗೆಗೆ ಬರುತ್ತಿದ್ದರು. ಒಳಗೆ ಮೊಬೈಲು ಒಯ್ಯುವಂತಿಲ್ಲ. ಮನೆಯಿಂದ ಯಾವ ಸುದ್ದಿ ಬಂದರೂ ಗೇಟು ಕಾಯುವ ಚಲುವಯ್ಯನ ಕಿವಿಗೇ ಮೊದಲು ಬೀಳಬೇಕು.

ಪ್ರಕಾಶ ಕೈ ಹಾಕುವಷ್ಟರಲ್ಲಿ ಅದು ಬಡಿದುಕೊಂಡಿತು. ಚಲುವಯ್ಯ ಎತ್ತಿದ.

"ಯಾರು, ದೊಡ್ಡಆಲಹಳ್ಳಿ ಸೌಮ್ಯಾನಾ? ಅವರಪ್ಪ ದಾಸಪ್ಪಂಗಾ? ಒಸಿ ಹುಷಾರಿಲ್ವಾ? ಆಯ್ತಪ್ಪಾ, ಕಳಿಸ್ತೀನಿ."

ರಿಸೀವರ್ ಇಟ್ಟು, ತಲೆಯ ಟೋಪಿ ತೆಗೆದ. "ಪಾಪ, ಹೋಗ್ಬುಟ್ಟವ್ನೆ ಕಣಪ್ಪಾ."

ಅದು ಹೇಗೆ ಗೊತ್ತಾಯಿತೆಂದು ಪ್ರಕಾಶ ಕೇಳಲಿಲ್ಲ. ಈ ಸೀಮೆಯಲ್ಲಿ ಸಾವನ್ನು ಫೋನಿನಲ್ಲಿ ಹೇಳುವವರು ಯಾರಿದ್ದಾರೆ? ಅವನ ತಾತ ತೀರಿಕೊಂಡಾಗಲೂ ಕಾಲೇಜಿಗೆ ಬಂದದ್ದು 'ಒಸಿ ಹುಷಾರಿಲ್ಲ, ಬಂದ್ಬುಡು' ಎಂಬ ಮಾತೇ.

"ಈಗ್ಲೇ ಕರೆದು ಹೇಳ್ಬಿಡೋಣ್ವಾ ಚಲುವಯ್ಯನೋರೇ?"

"ಏ, ತಡಿಯಪ್ಪಾ. ಈಗ ಊಟದ ಗಂಟೆ ಹೊಡಿತದೆ. ಸಾವಿನ ಮನೆಗೋದ್ರೆ ಮಣ್ಣು ಮಾಡೋಗಂಟ ಬಾಯಿಗೆ ತೊಟ್ಟು ನೀರಿಲ್ಲ. ಆ ಮಗ ಹಸ್ಕೊಂಡು ಹೋಗ್ಬೇಕಾ? ಎಲ್ಡು ತುತ್ತು ಉಂಡ್ಕಳ್ಲಿ, ಉಂಡ್ಮೇಲೆ ಹೇಳವ. ಸತ್ತೋನು ಇನ್ನೆಲ್ಲಿಗೋದಾನು?"

ಎಂಥ ಒಳ್ಳೆಯ ಮನಸ್ಸು! ಪ್ರಕಾಶನಿಗೆ ಒಂದು ಸಲ ತಿರುಗಿ ಫೋನ್ ಮಾಡಿ ಕೇಳಿದರೆ ಹೇಗೆ ಎಂದೂ ಅನ್ನಿಸಿತು, ಅನ್ನಿಸದೆ ಇರಲಿಲ್ಲ. ಆದರೆ ಸತ್ತವರ ಮನೆಗೆ ಫೋನ್ ಮಾಡಿ 'ನಿಜವಾಗಿಯೂ ಸತ್ತರಾ' ಎಂದು ಯಾವ ಬಾಯಲ್ಲಿ ಕೇಳುವುದು? ಫೋನನ್ನು ರೀಸೆಟ್ ಮಾಡಿ ಅಪ್‌ಗ್ರೇಡ್ ಒತ್ತಿದ. ಹಳೆಯ ಸೆಟ್ಟಿಂಗ್‌ಗಳ ಜೊತೆ, ಬಂದ ಕರೆಗಳ ನಂಬರುಗಳೂ ಅಳಿಸಿಹೋದವು. ಕರೆಂಟು ತೆಗೆಯಬೇಡಿ ಎಂಬ ಸಾಲು ಪರದೆಯ ಮೇಲೆ ಬಂತು. ನಡುವೆ ತೆಗೆದರೆ ಫೋನು ಕೆಲಸಕ್ಕೇ ಬಾರದಂತಾಗುತ್ತದೆ. ಇನ್ನು ಕಾಯುವುದೊಂದೇ ಬಾಕಿ.

ಗಂಟೆ ಹೊಡೆಯಿತು. ಚಲುವಯ್ಯ ಕ್ಯಾಂಟೀನಿಗೆ ಹೋಗಿ ತಾನೇ ನಿಂತು ಸೌಮ್ಯಳಿಗೆ ಬಡಿಸುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಇನ್ನೊಂದು ಮುದ್ದೆ ಬೇಡವೇ ಬೇಡವೆಂದು ಅವಳು ತಟ್ಟೆಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ನಗು ನೋಡಲಾರದೆ ಪ್ರಕಾಶ ಮುಖ ತಿರುಗಿಸಿದ.

ಕೊನೆಗೂ ಫೋನು ಎಚ್ಚರಗೊಂಡಿತು. ಸರ್ವರಿನ ವಿಳಾಸ, ಎಕ್ಸ್‌ಟೆನ್ಷನ್ ನಂಬರು, ಪಾಸ್‌ವರ್ಡು ಎಲ್ಲ ತುಂಬಿದ. ಹಸಿರು ದೀಪ ಹತ್ತಿದ್ದೇ ತಡ, ರಿಂಗಾಯಿತು.

"ಏನ್ ಸಾ, ಆಗ್ಲಿಂದ ಮಾಡ್ತಾವ್ನಿ, ಸಿಗ್ತಾನೇ ಇಲ್ಲ! ನಾನು ಸೌಮ್ಯನ ಅಣ್ಣ ಬಾಲರಾಜು. ಹೊಲ್ಟ್ಲಾ ಅವ್ಳು? ನಮ್ಮಪ್ಪ ಬಾಗ್ಲನ್ನೇ ನೋಡ್ತಾವ್ನೆ. ಸೌಮಿ ಬಂದ್ಲಾ, ಸೌಮಿ ಬಂದ್ಲಾ ಅಂತಾನೇ ಅವ್ನೆ. ಬಿರ್ರನೆ ಕಳಿಸಿ ಸಾ!"

ಪ್ರಕಾಶ ರಿಸೀವರ್ ಕುಕ್ಕಿದ. ಅಯ್ಯೋ ಶಿವನೇ, ಜೀವ ಇದೆ! ಹುಷಾರಿಲ್ಲ ಎಂದದ್ದು ಹುಷಾರಿಲ್ಲ ಎಂದೇ! ಕ್ಯಾಂಟೀನಿಗೆ ಓಡಿದ. ಕೈ ತೊಳೆಯಲೂ ಬಿಡದೆ ಸೌಮ್ಯಳನ್ನು ಬೈಕಿಗೆ ಹತ್ತಿಸಿಕೊಂಡ. ಚಲುವಯ್ಯ ಸಾರಿನ ಸೌಟು ಹಿಡಿದು ನಿಂತೇ ಇದ್ದ.

ಕನಕಪುರ ದಾಟುವವರೆಗೂ ಅವಳದು ಒಂದೇ ಮಾತು: "ಜೀವ ಐತಂತಾ ಅಣ್ಣಾ?"

"ಐತೆ ಕಣಮ್ಮಾ. ಈಗ್ತಾನೆ ನಿಮ್ಮಣ್ಣ ಹೇಳ್ದ, ಅಪ್ಪ ನಿನ್ನೇ ಕರೀತಾವ್ರಂತೆ."

ದೊಡ್ಡಆಲಹಳ್ಳಿಯ ಬೀದಿಗೆ ತಿರುಗುತ್ತಲೇ ಅಳು ಕೇಳಿಸಿತು. ಬಾಲರಾಜು ಬಾಗಿಲಲ್ಲಿ ನಿಂತಿದ್ದ.

"ಈಗ್ತಾನೆ ಕಣವ್ವಾ," ಎಂದ. "ಒಸಿ ಮುಂಚೆ ಬಂದಿದ್ರೆ ಮಕ ನೋಡ್ಬೋದಿತ್ತು."

ಸೌಮ್ಯ ಅಳಲಿಲ್ಲ. ಅಪ್ಪನ ತಲೆಯ ಹತ್ತಿರ ಕೂತು ಕೆನ್ನೆ ಸವರಲು ಬಲಗೈ ಚಾಚಿದಳು. ಬೆರಳುಗಳಲ್ಲಿ ಮುದ್ದೆ, ಸಾರು ಒಣಗಿ ಅಂಟಿಕೊಂಡಿದ್ದವು. ಕೈ ಅಲ್ಲೇ ನಿಂತಿತು. ಹೊಸ್ತಿಲಾಚೆ ನಿಂತ ಪ್ರಕಾಶ ನೀರಿಗಾಗಿ ಸುತ್ತ ನೋಡಿದ.

"ನೀ ಕರೀತಿದ್ದಾಗ ನಾನು ಉಣ್ತಾ ಕುಂತಿದ್ನಲ್ಲಪ್ಪಾ," ಎಂದಳು.